ಇದ್ದ ಹಾಗೇ ಹೊಸ ಡಿಸ್ಕಿಗೆ: ಸಿಪಿ, ಟಾರ್, ಆರ್‌ಸಿಂಕ್

ಹೊಸ ಡಿಸ್ಕ್ ತಂದೆ. ಲಿನಕ್ಸ್‌ನ ಹೋಮ್ ಡೈರೆಕ್ಟರಿ (ನನ್ನ ಫೈಲೆಲ್ಲ ಇರುವ ಫೋಲ್ಡರ್) ಪೂರ್ತಿ ಅದಕ್ಕೆ ಹೋಗಬೇಕಿತ್ತು. ತಾರೀಖು, ಮಾಲೀಕ, ಪರ್ಮಿಷನ್ ಯಾವುದೂ ಕೆಡಬಾರದು. ಸಿಪಿ, ಟಾರ್, ಆರ್‌ಸಿಂಕ್ ಅನ್ನುವ ಮೂರು ಕಮಾಂಡನ್ನೂ ಓಡಿಸಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಆರ್‌ಸಿಂಕ್‌ಗೆ.

ಸಿಪಿಗೆ ಬರೀ ‘-ಆರ್’ ಕೊಟ್ಟರೆ ಎಲ್ಲ ಫೈಲಿಗೂ ಇವತ್ತಿನ ತಾರೀಖು ಬೀಳುತ್ತದೆ. ‘-ಎ’ ಕೊಟ್ಟರೆ ಹಾರ್ಡ್ ಲಿಂಕ್ (ಒಂದೇ ಫೈಲಿಗೆ ಇರುವ ಇನ್ನೊಂದು ಹೆಸರು) ಸಮೇತ ಎಲ್ಲ ಸರಿಯಾಗಿ ಬರುತ್ತದೆ. ಕರೆಂಟ್ ಹೋಗದ ಮನೆಯಾದರೆ ಇಷ್ಟೇ ಸಾಕು.

ನಮ್ಮಲ್ಲಿ ಹೋಗುತ್ತದೆ. ಯುಪಿಎಸ್ ಬ್ಯಾಟರಿ ಸತ್ತು ಕೂತಿದೆ, ಇದ್ದ ದುಡ್ಡು ಡಿಸ್ಕಿಗೇ ಆಯಿತು. ಕಾಪಿ ಅರ್ಧಕ್ಕೆ ನಿಂತರೆ ‘-ಎಯು’ ಕೊಟ್ಟು ಮುಂದುವರಿಸಬಹುದು ಅಲ್ವಾ? ‘-ಯು’ ಅಂದರೆ ಆ ಕಡೆ ಇರುವ ಫೈಲು ಹಳೆಯದಾಗಿದ್ದರೆ ಮಾತ್ರ ಮತ್ತೆ ಕಾಪಿ ಮಾಡು ಅಂತ. ಎಡವಟ್ಟು ಇಲ್ಲೇ.

ಮೂಲದ ತಾರೀಖನ್ನು ಸಿಪಿ ಹಾಕುವುದು ಫೈಲು ಪೂರ್ತಿ ಬರೆದ ಮೇಲೆ. ಅರ್ಧ ಬರೆದಾಗ ಕರೆಂಟ್ ಹೋದರೆ ಆ ತುಂಡು ಫೈಲಿಗೆ ಆಗಿನ ಹೊತ್ತೇ ಉಳಿಯುತ್ತದೆ. ಮತ್ತೆ ಓಡಿಸಿದರೆ ಸಿಪಿ ಅದನ್ನು ಮೂಲಕ್ಕಿಂತ ಹೊಸದು ಅಂದುಕೊಂಡು ಬಿಟ್ಟು ಹೋಗುತ್ತದೆ. ಎರರ್ ಇಲ್ಲ, ಏನಿಲ್ಲ. ಮದುವೆ ವಿಡಿಯೋ ಧಾರೆಯ ಹೊತ್ತಿಗೆ ನಿಂತಾಗಲೇ ಗೊತ್ತಾಗುವುದು.

ಆರ್‌ಸಿಂಕ್ ಚುಕ್ಕಿಯಿಂದ ಶುರುವಾಗುವ ಬೇರೆ ಹೆಸರಲ್ಲಿ ಬರೆದು, ಮುಗಿದ ಮೇಲಷ್ಟೇ ಅಸಲಿ ಹೆಸರು ಕೊಡುತ್ತದೆ. ಮತ್ತೆ ಓಡಿಸಿದಾಗ ಗಾತ್ರ, ತಾರೀಖು ಎರಡನ್ನೂ ಹೋಲಿಸಿ ಬಾಕಿ ಇರುವುದನ್ನು ಮಾತ್ರ ಮಾಡುತ್ತದೆ. ಆ ಚುಕ್ಕಿ ಫೈಲು ಉಳಿದಿದ್ದರೆ ನಾವೇ ಅಳಿಸಬೇಕು. ಕೊನೆಗೊಮ್ಮೆ ‘-ಸಿ’ ಸೇರಿಸಿ ಓಡಿಸಿದರೆ ಫೈಲಿನ ಒಳಗನ್ನೂ ತಾಳೆ ನೋಡುತ್ತದೆ. ತುಂಬಾ ನಿಧಾನ. ರಾತ್ರಿ ಬಿಟ್ಟು ಮಲಗುತ್ತೇನೆ.

ಇದಕ್ಕೂ ಒಂದು ಕಿರಿಕಿರಿ ಇದೆ. ಇದರ ‘-ಎ’ಯಲ್ಲಿ ಹಾರ್ಡ್ ಲಿಂಕ್, ಎಸಿಎಲ್ (ಯಾರಿಗೆ ಏನು ಪರ್ಮಿಷನ್ ಅನ್ನುವ ಹೆಚ್ಚಿನ ಪಟ್ಟಿ), ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್ (ಫೈಲಿಗೆ ಅಂಟಿಸಿದ ಹೆಚ್ಚಿನ ಮಾಹಿತಿ) ಸೇರಿಲ್ಲ. ಕ್ಯಾಪಿಟಲ್ ಅಕ್ಷರದಲ್ಲಿ ಎಚ್, ಎ, ಎಕ್ಸ್ ಬೇರೆ ಹಾಕಬೇಕು. ಎಚ್ ಬಿಟ್ಟರೆ ಹಾರ್ಡ್ ಲಿಂಕ್ ನಂಬಿಕೊಂಡ ಬ್ಯಾಕಪ್ ಫೋಲ್ಡರ್ ಸುಮ್ನೆ ಊದಿಕೊಳ್ಳುತ್ತದೆ. ಇನ್ನು ಸ್ಲ್ಯಾಶ್: ಮೂಲದ ಹೆಸರಿನ ಕೊನೆಗೆ ಇದ್ದರೆ ಒಳಗಿನದು ಮಾತ್ರ ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರ್ ಸಮೇತ.

ಒಂದು ಟಾರ್ ಎಲ್ಲ ಫೈಲನ್ನೂ ಒಂದೇ ಗಂಟು ಕಟ್ಟಿ ಪೈಪಿಗೆ (ಒಂದು ಕಮಾಂಡಿನದನ್ನು ಇನ್ನೊಂದಕ್ಕೆ ಹರಿಸುವ ದಾರಿ) ಕೊಡುವುದು, ಇನ್ನೊಂದು ಟಾರ್ ಬಿಚ್ಚುವುದು ಹಳೆಯ ಪದ್ಧತಿ. ಆರ್‌ಸಿಂಕ್ ಇಲ್ಲದ ಯುನಿಕ್ಸ್‌ನಲ್ಲೂ ನಡೆಯುತ್ತದೆ. ನಡುವೆ ನಿಂತರೆ ಮತ್ತೆ ಮೊದಲಿಂದ. ನನಗಾಗದು.

ಯಾವುದೇ ಬಳಸಿ, ಬೇರೆಯವರ ಫೈಲೂ ಇದ್ದರೆ ಮಾಲೀಕರ ಹೆಸರು ಉಳಿಯಲು ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಬೇಕು. ಡಿಸ್ಕ್ ಎಕ್ಸ್‌ಫ್ಯಾಟ್ (ಮಾಲೀಕರ ಹೆಸರು ಇಟ್ಟುಕೊಳ್ಳದ ಫಾರ್ಮ್ಯಾಟ್) ಆಗಿದ್ದರೆ ಸುಡೋ ಕೊಟ್ಟರೂ ಉಳಿಯದು. ಮೊದಲು ಲಿನಕ್ಸ್‌ನದೇ ಆದ ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ.