ಮಾಡಿನ ಮೇಲೊಂದು ಕೋಲು, ನೆಲದೊಳಗೆ ಮೋಸ

ಸುಳ್ಯ ತಾಲೂಕಿನಲ್ಲಿ ಅಡಿಕೆ ತೋಟದ ಮೇಲಿನ ಗುಡ್ಡದಲ್ಲಿ ನಮ್ಮದು ಒಂಟಿ ಮನೆ. ಎರಡು ವರ್ಷದ ಹಿಂದೆ ಅಂಗಳದಂಚಿನ ತೆಂಗಿಗೆ ಸಿಡಿಲು ಬಡಿದು ಸುಳಿ ಸುಟ್ಟುಹೋಯಿತು. "ಮನೆಗೂ ಏನಾದರೂ ಹಾಕಿಸು ಮಾರಾಯ" ಎಂದು ಅಮ್ಮ ಪಟ್ಟು ಹಿಡಿದರು.

ಯಾರೋ ಹೇಳಿ ಕಳುಹಿಸಿದ ಒಬ್ಬ ಬಂದ. ತುದಿಯಲ್ಲಿ ಉಕ್ಕಿನ ಬುರುಡೆಯಿದ್ದ ಅರೆಸ್ಟರ್, ಅಂದರೆ ಸಿಡಿಲನ್ನು ನೆಲಕ್ಕಿಳಿಸುವ ಕೋಲು ತೋರಿಸಿ, ಸುತ್ತ ನೂರು ಮೀಟರಿನೊಳಗೆ ತೋಟ, ಕೊಟ್ಟಿಗೆ, ಪಂಪ್ ಶೆಡ್ ಯಾವುದಕ್ಕೂ ಸಿಡಿಲಿನ ಭಯವಿಲ್ಲ ಎಂದ. 48,000 ರೂಪಾಯಿ. ಅರ್ಧ ದಿನದಲ್ಲಿ ಕೆಲಸ ಮುಗಿಯಿತು. ನಾನು ಗೋಳಿಬಜೆ, ಚಹಾ ಕೊಡುವುದರಲ್ಲೇ ಇದ್ದೆ. ಅರ್ಥಿಂಗಿನ ಗುಂಡಿ ತೋಡುವ ಕಡೆಗೆ ಹೋಗಲಿಲ್ಲ.

ಈ ಏಪ್ರಿಲಿನ ಒಂದು ಸಂಜೆ ರಸ್ತೆ ಬದಿಯ ವಿದ್ಯುತ್ ಕಂಬದ ಹತ್ತಿರ ಸಿಡಿಲು ಬಿತ್ತು. ಅಮ್ಮ ಆಗತಾನೇ ಮಿಕ್ಸಿಯ ಪ್ಲಗ್ ಕಿತ್ತು ಎರಡು ಹೆಜ್ಜೆ ಸರಿದಿದ್ದರು. ಅಡುಗೆಮನೆಯ ಸ್ವಿಚ್ ಬೋರ್ಡಿನ ಮುಚ್ಚಳ ಹಾರಿ ಒಲೆಯ ಮೇಲೆ ಬಿತ್ತು. ವೈಫೈ ಪೆಟ್ಟಿಗೆಯ ಬೆನ್ನು ಹಪ್ಪಳದಂತೆ ಉಬ್ಬಿತ್ತು. ಇನ್ವರ್ಟರ್, ಫ್ರಿಜ್, ಬೋರ್‌ವೆಲ್ಲಿನ ಸ್ಟಾರ್ಟರ್ ಎಲ್ಲ ಹೋದವು. ಮಾಡಿನ ಮೇಲೆ ಬುರುಡೆ ಮಾತ್ರ ಫಳಫಳ ಹೊಳೆಯುತ್ತಿತ್ತು.

ಕೋಲು ಹಾಕಿದವನಿಗೆ ಫೋನ್ ಮಾಡಿದರೆ, "ಕೋಲಿಗೆ ಬಿದ್ದದ್ದಲ್ಲ ಸರ್, ಲೈನಿನಲ್ಲಿ ಬಂದದ್ದು. ಅದಕ್ಕೆ ಬೇರೆ ಸಾಮಾನು ಬರುತ್ತದೆ" ಎಂದ. ಸಿಟ್ಟು ಬಂದದ್ದು ಅವನು ಸುಳ್ಳು ಹೇಳಿದ್ದಕ್ಕಲ್ಲ, ಆ ನಿಜವನ್ನು ದುಡ್ಡು ಎಣಿಸಿಕೊಳ್ಳುವ ಮೊದಲು ಹೇಳದ್ದಕ್ಕೆ. ಕೋಲು ಕಾಯುವುದು ಗೋಡೆ, ಮಾಡನ್ನು. ತಂತಿಯೊಳಗೆ ನುಗ್ಗಿ ಬರುವುದನ್ನು ತಡೆಯಲು ಮೈನ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಬೇಕು.

ಆಮೇಲೆ ನಮ್ಮ ಊರಿನ ಎಲೆಕ್ಟ್ರಿಷಿಯನ್ ಅರ್ಥಿಂಗ್ ಅಗೆದು ನೋಡಿದರು. ಮುರಕಲ್ಲು ಸಿಕ್ಕಿದ ಕೂಡಲೇ ಕೆಲಸ ನಿಲ್ಲಿಸಿದ್ದರು. ಪೈಪು ಎರಡಡಿಯೂ ಇಳಿದಿರಲಿಲ್ಲ. ತಾಮ್ರದ ಪಟ್ಟಿ ಕಿಟಕಿಯವರೆಗೆ ಮಾತ್ರ. ಅಲ್ಲಿಂದ ಕೆಳಗೆ ಮಳೆನೀರಿನ ಪೈಪಿನ ಮರೆಯಲ್ಲಿ ಕಬ್ಬಿಣದ ತಂತಿ ಸುತ್ತಿ ಬಿಟ್ಟಿದ್ದರು, ಸೇರಿಸಿದ ಜಾಗದಲ್ಲಿ ಹಸಿರು ಕಿಲುಬು. ಟೆಸ್ಟರಿನಲ್ಲಿ ಅರ್ಥಿಂಗಿನ ತಡೆ 140 ಓಮ್ ಬಂತು. ಇರಬೇಕಾದದ್ದು 10ರೊಳಗೆ. ಮನೆಯ ಅರ್ಥಿಂಗಿಗೂ ಇದಕ್ಕೂ ಸಂಬಂಧವನ್ನೇ ಕೊಟ್ಟಿರಲಿಲ್ಲ. ಸಿಡಿಲು ನಿಜವಾಗಿ ಕೋಲಿಗೇ ಬಡಿದಿದ್ದರೆ, ಇಳಿಯಲು ದಾರಿ ಸಿಗದೆ ಗೋಡೆಯ ವೈರಿಂಗಿಗೇ ಹಾರುತ್ತಿತ್ತು. ನೆಲ ಸೇರದ ಕೋಲಿಗಿಂತ ಕೋಲಿಲ್ಲದಿರುವುದೇ ವಾಸಿ.

ಆ ನೂರು ಮೀಟರಿನ ಲೆಕ್ಕವನ್ನು ಸಿಡಿಲು ರಕ್ಷಣೆಯ ಭಾರತೀಯ ಮಾನಕ ಐಎಸ್/ಐಇಸಿ 62305 ಒಪ್ಪುವುದಿಲ್ಲ ಎಂಬುದೂ ನನಗೆ ತಿಳಿದದ್ದು ಆಮೇಲೆ. ಬುರುಡೆಗೆ ಕೊಟ್ಟ ದುಡ್ಡು ಬುರುಡೆಗೇ ಹೋಯಿತು. ಸಾದಾ ತಾಮ್ರದ ಕೋಲು ಅಷ್ಟೇ ಕೆಲಸ ಮಾಡುತ್ತದೆ.

ಪೇಟೆಯಲ್ಲಿ, ಎತ್ತರದ ಕಟ್ಟಡಗಳ ನಡುವೆ ಮನೆಯಿರುವವರಿಗೆ ಕೋಲು ಬೇಕೇ ಬೇಕೆಂದು ನನಗನ್ನಿಸುವುದಿಲ್ಲ. ಗುಡ್ಡದ ಮೇಲಿರುವವರು ಹಾಕಿಸಿ, ಆದರೆ ಮೊದಲು ಒಳ್ಳೆಯ ಅರ್ಥಿಂಗ್ ಮತ್ತು ಸರ್ಜ್ ಪ್ರೊಟೆಕ್ಟರ್, ಆಮೇಲೆ ಕೋಲು. ಓಮ್ ಲೆಕ್ಕವನ್ನು ಮಾರ್ಚಿನ ಒಣ ನೆಲದಲ್ಲಿ, ನಿಮ್ಮೆದುರೇ ಅಳೆಯಲು ಹೇಳಿ. ಮಳೆಗಾಲದಲ್ಲಿ ಎಂಥ ಗುಂಡಿಯೂ ಚೆಂದದ ಅಂಕಿ ಕೊಡುತ್ತದೆ. ನಮ್ಮಲ್ಲಿ ಮೂರು ಗುಂಡಿ ತೋಡಿ ಒಂದಕ್ಕೊಂದು ಜೋಡಿಸಿದ ಮೇಲೆ 8ಕ್ಕೆ ಇಳಿಯಿತು. ಇಷ್ಟಾದರೂ ಗುಡುಗು ಕೇಳುವ ಮೊದಲೇ ಪ್ಲಗ್ ಕೀಳುವುದನ್ನು ಅಮ್ಮ ಬಿಟ್ಟಿಲ್ಲ, ನಾನೂ ಬಿಡಿ ಎನ್ನುವುದಿಲ್ಲ.

ಅದೇ ಮನುಷ್ಯ ಈಗ ಪಕ್ಕದ ಗ್ರಾಮಗಳಲ್ಲಿ ಓಡಾಡುತ್ತಿದ್ದಾನಂತೆ. ಬಂದರೆ ಚಹಾವನ್ನು ಬೇರೆಯವರು ಕೊಡಲಿ, ನೀವು ಗುಂಡಿಯ ಹತ್ತಿರ ನಿಂತಿರಿ.