ಬಳ್ಳಾರಿಯಲ್ಲಿ ಬಾಡಿಗೆ ಪ್ರೊಜೆಕ್ಟರ್: ತರುವ ಮೊದಲು ನೋಡಬೇಕಾದ್ದು

ವರ್ಷಕ್ಕೆ ನಾಲ್ಕೈದು ಸಲ ದೊಡ್ಡದಾಗಿ ಸಿನಿಮಾ, ಕ್ರಿಕೆಟ್ ನೋಡುವ ಮನೆಗೆ ಪ್ರೊಜೆಕ್ಟರ್ ಕೊಳ್ಳುವುದು ದುಡ್ಡು ದಂಡ. ದಿನದ ಬಾಡಿಗೆಗೆ ತರುವುದೇ ಲೇಸು. 3000 ಲ್ಯೂಮೆನ್‌ಗಿಂತ (ಬೆಳಕಿನ ಪ್ರಖರತೆಯ ಅಳತೆ) ಕಡಿಮೆಯದು ಬೇಡ, ಸಂಜೆ ಬೆಳಕಿಗೇ ಚಿತ್ರ ಮಂಕಾಗುತ್ತದೆ. ಮೂಲೆಯಿಂದ ಮೂಲೆಗೆ 100 ಇಂಚಿನ ಚಿತ್ರಕ್ಕೆ ಏಳೂಕಾಲು ಅಡಿ ಅಗಲದ ಬಿಳಿ ಗೋಡೆ, ಸಾಮಾನ್ಯ ಲೆನ್ಸಿಗೆ ಸುಮಾರು 11 ಅಡಿ ದೂರ ಬೇಕು.

ಇಲ್ಲಿನ ಕೆಂಧೂಳೇ ದೊಡ್ಡ ಶತ್ರು. ಫಿಲ್ಟರ್ ಕಟ್ಟಿಕೊಂಡಿದ್ದರೆ ಬೇಸಿಗೆ ಸೆಕೆಗೆ ಬಿಸಿಯೇರಿ, ಪಂದ್ಯದ ನಡುವೆಯೇ ಯಂತ್ರ ತಾನಾಗಿ ಆಫ್ ಆಗುತ್ತದೆ. ಅಂಗಡಿಯಲ್ಲೇ ಫಿಲ್ಟರ್ ತೆಗೆಸಿ ನೋಡಿ, ಮೆನುವಿನಲ್ಲಿ ಲ್ಯಾಂಪ್ ಓಡಿದ ಗಂಟೆ ಬರೆದುಕೊಳ್ಳಿ, ಹತ್ತು ನಿಮಿಷ ಓಡಿಸಿ.

ಫೋನಿನಿಂದ ಮಿರರ್ ಮಾಡಿದರೆ (ಫೋನಿನ ಪರದೆಯನ್ನೇ ಪ್ರೊಜೆಕ್ಟರಿಗೆ ಕಳಿಸಿದರೆ) ಕೆಲವು ಓಟಿಟಿ ಆ್ಯಪ್‌ಗಳು ನಕಲು ತಡೆಗಾಗಿ ಕಪ್ಪು ಪರದೆ ತೋರಿಸುತ್ತವೆ. ಅದರ ಬದಲು ಓಟಿಟಿ ಓಡಿಸುವ ಪುಟ್ಟ ಸಾಧನವಾದ ಸ್ಟ್ರೀಮಿಂಗ್ ಸ್ಟಿಕ್ಕನ್ನೇ ಪ್ರೊಜೆಕ್ಟರಿನ ಎಚ್‌ಡಿಎಂಐ ಕಿಂಡಿಗೆ ಚುಚ್ಚಿ. ಮುಗಿದ ಮೇಲೆ ಫ್ಯಾನ್ ನಿಲ್ಲುವವರೆಗೆ ಪ್ಲಗ್ ಕೀಳಬೇಡಿ, ಲ್ಯಾಂಪ್ ಹಾಳಾದೀತು.