ಮಿಂಚಿತು, ಗುಡುಗಲಿಲ್ಲ: ‘ಶಝಾಮ್! ಫ್ಯೂರಿ ಆಫ್ ದ ಗಾಡ್ಸ್’

2019ರ ಮೊದಲ ‘ಶಝಾಮ್!’ ನನಗೆ ಹಿಡಿಸಿದ್ದೇ ಅದರ ಹುಡುಗಾಟಕ್ಕೆ. ಮಂತ್ರದಿಂದ ಸೂಪರ್‌ಹೀರೋ ಆಗಿ ದೊಡ್ಡವನ ಮೈ ಸಿಕ್ಕ ಹುಡುಗ ಬಿಲ್ಲಿ ಬಿಯರ್ ಕೊಂಡು, ಒಂದು ಗುಟುಕು ಬಾಯಿಗೆ ಹಾಕಿ ಉಗಿದುಬಿಡ್ತಾನಲ್ಲ, ಆ ಮಜಾ. 2023ರ ಎರಡನೇ ಭಾಗದಲ್ಲಿ ಅವನಿಗೆ ಹದಿನೆಂಟು ವರ್ಷ ಹತ್ತಿರ. ಆದರೂ ಅವನ ದೊಡ್ಡವನ ರೂಪ ಮಾಡಿರೋ ಜಾಕರಿ ಲೀವೈ ಇನ್ನೂ ಪುಟ್ಟ ಮಗುವಿನ ಥರ ಆಡ್ತಾರೆ. ಇಬ್ಬರೂ ಒಬ್ಬನೇ ಅಂತ ನಂಬೋದು ಹೇಗೆ ಸ್ವಾಮಿ?

ಥಿಯೇಟರ್ ನಿಜವಾಗಿ ನಕ್ಕಿದ್ದು ಒಂದೇ ಕಡೆ. ತಾನೇ ಬರೆಯುವ ಪೆನ್ನು ಹುಡುಗರ ಹರಟೆಯನ್ನೆಲ್ಲ ಕಾಗದಕ್ಕಿಳಿಸಿ, ಅದನ್ನು ಖಳ ದೇವತೆಯ ಪಾತ್ರದ ಹೆಲೆನ್ ಮಿರೆನ್ ಮುಖ ಗಂಟಿಕ್ಕಿಕೊಂಡು ಅಕ್ಷರಶಃ ಓದುವಾಗ. ಯೂನಿಕಾರ್ನ್‌ಗಳಿಗೆ ಸ್ಕಿಟಲ್ಸ್ ಮಿಠಾಯಿ ತಿನ್ನಿಸಿದಾಗ ಹಿಂದಿನ ಸಾಲಿನವರೊಬ್ಬರು, “ಇದೇನು, ಜಾಹೀರಾತಾ?” ಅಂದರು. ಆಮೇಲೆ ಡ್ರ್ಯಾಗನ್ ಬಂತು, ಕಟ್ಟಡಗಳು ಉದುರಿದವು, ಅಲ್ಲಲ್ಲಿ ಮೊಬೈಲುಗಳು ಬೆಳಗಿದವು. ಕ್ಲೈಮ್ಯಾಕ್ಸಿನ ಅತಿಥಿ ಪಾತ್ರಕ್ಕೆ ಒಂದೆರಡು ಶಿಳ್ಳೆ, ಅಷ್ಟೇ.

ಅಮೆರಿಕದ ಪ್ರೇಕ್ಷಕರೂ ಸಿನಿಮಾಸ್ಕೋರ್ ಸಮೀಕ್ಷೆಯಲ್ಲಿ ಮೊದಲ ಭಾಗಕ್ಕೆ ‘ಎ’ ಕೊಟ್ಟವರು, ಇದಕ್ಕೆ ‘ಬಿ ಪ್ಲಸ್’ಗೆ ಇಳಿದರು. ವಿಶ್ವದಾದ್ಯಂತದ ಗಳಿಕೆ ಸುಮಾರು 36 ಕೋಟಿ ಡಾಲರ್‌ನಿಂದ 13 ಕೋಟಿಯ ಆಸುಪಾಸಿಗೆ ಕುಸಿಯಿತು.

ಬಿಲ್ಲಿಯ ಸಾಕುಮನೆಯ ಅಣ್ಣತಮ್ಮ ಫ್ರೆಡ್ಡಿಯಾಗಿ ಜ್ಯಾಕ್ ಡಿಲನ್ ಗ್ರೇಜರ್ ಮಾತ್ರ ಬಂದಾಗೆಲ್ಲ ಜೀವ ತುಂಬ್ತಾನೆ. ಇಡೀ ಚಿತ್ರ ಅವನಿಗೇ ಬಿಟ್ಟುಕೊಡಬಹುದಿತ್ತು. ಎರಡೂವರೆ ಸ್ಟಾರ್, ಅದರಲ್ಲಿ ಅರ್ಧ ಆ ಪೆನ್ನಿಗೆ.